ನಿಧಿಯಾಟದಲ್ಲಿ ‘ಕಂಡೆ’ ಮತ್ತು ‘ಕಾಣೆ’

ಜಗಳವಿಲ್ಲದ ಆಟವನ್ನು ಯಾರೂ ಕಂಡಿರಲಾರರು. ಚಿನ್ನಿದಾಂಡಿನಲ್ಲಿ ಚಿನ್ನಿಯನ್ನು ನೆಲ ಮುಟ್ಟುವ ಮೊದಲೇ ಹಿಡಿದುದು ನಿಜವೇ ಎಂದು, ಕುಂಟಾಬಿಲ್ಲೆಯಲ್ಲಿ ಕಾಲು ಗೆರೆಗೆ ತಗುಲಿತೇ ಎಂದು ಮಕ್ಕಳು ದೀಪ ಹಚ್ಚುವ ಹೊತ್ತಿನವರೆಗೂ ವಾದಿಸುವುದುಂಟು. ಎದುರಾಳಿಯಿರುವಲ್ಲಿ ವಾದವೂ ಇರುವುದು ಸಹಜ. ಆದರೆ ಎದುರಾಳಿಯೇ ಇಲ್ಲದ, ಗೆದ್ದವನಿಗೆ ಬಹುಮಾನವೂ ಇಲ್ಲದ, ಆಟಗಾರರು ಒಬ್ಬರ ಮುಖವನ್ನೊಬ್ಬರು ನೋಡುವುದೇ ಅಪರೂಪವಾದ ಒಂದು ಆಟದಲ್ಲಿ ಮಿತ್ರರು ಮಾತು ಬಿಡುವಷ್ಟು ಮನಸ್ತಾಪ ಹುಟ್ಟುವುದೆಂದರೆ, ಅದರ ಕಾರಣವನ್ನು ವಿಚಾರಿಸುವುದು ಉಚಿತವೇ ಸರಿ. ಜಿಯೋಕ್ಯಾಶಿಂಗ್ ಎಂಬುದು ಅಂತಹ ಆಟ. ಅದರ ಶಿಷ್ಟಾಚಾರದ ಜಗಳಗಳಲ್ಲಿ ನಮ್ಮ ಪ್ರಯೋಗಶಾಲೆಯ ನೆರಳು ಬಿದ್ದಿರುವುದರಿಂದ ಆ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಆಟದ ಸ್ವರೂಪ ಸರಳವಾದುದು. ಒಬ್ಬನು ನೀರು ಹೋಗದ ಡಬ್ಬಿಯೊಂದರಲ್ಲಿ ಚಿಕ್ಕ ಪುಸ್ತಕವನ್ನೂ ಕೆಲವು ಅಲ್ಪಬೆಲೆಯ ವಸ್ತುಗಳನ್ನೂ ಇಟ್ಟು, ಕಾಡಿನಲ್ಲೋ ಉದ್ಯಾನದಲ್ಲೋ ಬಚ್ಚಿಟ್ಟು, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುವನು. ಇತರರು ಉಪಗ್ರಹಗಳ ಸಂಕೇತವನ್ನು ಗ್ರಹಿಸುವ ಉಪಕರಣದ ನೆರವಿನಿಂದ ಅಲ್ಲಿಗೆ ಹೋಗಿ, ಡಬ್ಬಿಯನ್ನು ಹುಡುಕಿ, ಪುಸ್ತಕದಲ್ಲಿ ರುಜು ಹಾಕಿ, ಡಬ್ಬಿಯನ್ನು ಇದ್ದಂತೆಯೇ ಮರೆಮಾಡಿ ಹಿಂದಿರುಗಿ, ‘ಕಂಡೆ’ ಎಂದು ಸಾರ್ವಜನಿಕ ದಾಖಲೆಯಲ್ಲಿ ಬರೆಯುವರು. ಸಿಕ್ಕದಿದ್ದರೆ ‘ಕಾಣೆ’ ಎಂದು ಬರೆಯಬೇಕು. ಇಲ್ಲಿ ಕ್ಯಾಶ್ ಎಂದರೆ ನಗದು ಹಣವಲ್ಲ. ಬಚ್ಚಿಟ್ಟ ವಸ್ತುವೆಂಬ ಅರ್ಥದ, ಫ್ರೆಂಚ್ ಮೂಲದ ಮಾತು.

ಇದರ ಜನ್ಮದಿನವನ್ನು ಖಚಿತವಾಗಿ ಹೇಳಬಹುದು. ಅಮೆರಿಕದ ಸರಕಾರವು ಸೇನೆಯ ಹಿತಕ್ಕಾಗಿ ಜಿ.ಪಿ.ಎಸ್. ಉಪಗ್ರಹಗಳ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ನೆಯ ಇಸವಿಯ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಅದುವರೆಗೆ ನೂರು ಮೀಟರಿನಷ್ಟು ತಪ್ಪುತ್ತಿದ್ದ ಜನಸಾಮಾನ್ಯರ ಉಪಕರಣವು ಒಂದೇ ರಾತ್ರಿಯಲ್ಲಿ ಹತ್ತಿಪ್ಪತ್ತು ಮೀಟರಿನೊಳಗೆ ಸ್ಥಳವನ್ನು ತೋರಿಸತೊಡಗಿತು. ಮೇ 3ರಂದು ಡೇವ್ ಅಲ್ಮರ್ ಎಂಬಾತನು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಎಂಬ ಊರಿನ ಬಳಿ ಪ್ಲಾಸ್ಟಿಕ್ ಬಕೆಟ್ಟೊಂದನ್ನು ಬಹುಪಾಲು ನೆಲದಲ್ಲಿ ಹೂತು, ಅದರಲ್ಲಿ ಪುಸ್ತಕ, ಸ್ವಲ್ಪ ಹಣ, ಕವಣೆ, ಒಂದು ಡಬ್ಬಿ ಹುರುಳಿಕಾಯಿ ಬೀಜ ಇತ್ಯಾದಿಗಳನ್ನಿಟ್ಟು, ಸ್ಥಳವನ್ನು ಸಾರಿದನು. ನಿಯಮ ಒಂದೇ: ಏನಾದರೂ ತೆಗೆದುಕೊಳ್ಳಿ, ಏನಾದರೂ ಬಿಡಿ. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬವನು ಅದನ್ನು ಮೊದಲು ಕಂಡನು. ಇಂದಿನ ನಿಯಮಗಳ ಪ್ರಕಾರ ನೆಲವನ್ನು ಅಗೆಯಕೂಡದು, ಆಹಾರವನ್ನು ಇಡಕೂಡದು. ಎಂದರೆ ಆಟದ ಮೂಲಪುರುಷನ ಮೊದಲ ಬಕೆಟ್ಟೇ ಈಗ ಪರಿಶೀಲನೆಯಲ್ಲಿ ತಿರಸ್ಕೃತವಾಗುವುದು!

ಒಂದು ನಿಯಮದ ಆಟವು ಹೀಗೆ ಹಲವು ನಿಯಮಗಳ ಆಟವಾದುದು ಯಾರ ದುರುದ್ದೇಶದಿಂದಲೂ ಅಲ್ಲ. ಅದೇ ವರ್ಷ ಸಿಯಾಟಲ್ ನಗರದಲ್ಲಿ ಸ್ಥಾಪಿತವಾದ ಕಂಪೆನಿಯೊಂದು ಡಬ್ಬಿಗಳ ಪಟ್ಟಿಯನ್ನು ಇಡತೊಡಗಿತು. ಎರಡು ಡಬ್ಬಿಗಳ ನಡುವೆ 161 ಮೀಟರಾದರೂ, ಅಂದರೆ ಮೈಲಿಯ ಹತ್ತನೆಯ ಒಂದು ಭಾಗದಷ್ಟಾದರೂ, ಅಂತರವಿರಬೇಕೆಂದೂ, ಜಮೀನಿನ ಒಡೆಯರ ಅನುಮತಿ ಬೇಕೆಂದೂ ಗೊತ್ತುಪಡಿಸಿತು. ಸಂಬಳವಿಲ್ಲದ ಸ್ವಯಂಸೇವಕರು ಪ್ರತಿ ಹೊಸ ಡಬ್ಬಿಯನ್ನೂ ಪಟ್ಟಿಗೆ ಸೇರಿಸುವ ಮುನ್ನ ಪರಿಶೀಲಿಸುವ ಪದ್ಧತಿ ಬಂದಿತು. ಈಗ ಬೆಂಗಳೂರಿನ ಸುತ್ತಮುತ್ತಲೂ ಕೆಲವು ಡಬ್ಬಿಗಳುಂಟು. ಆದರೆ ಬಳಗಗಳು ಬಲಿತು, ಜಗಳಗಳೂ ಬಲಿತಿರುವುದು ಅಮೆರಿಕ, ಇಂಗ್ಲೆಂಡು, ಜರ್ಮನಿಗಳಂತಹ ದೇಶಗಳಲ್ಲಿ.

ಅಂತಹ ಒಂದು ಊರಿನ ಬಳಗವನ್ನು ಊಹಿಸಿಕೊಳ್ಳಿ. ಅಲ್ಲಿ ವಾರಗಟ್ಟಲೆ ಕುಳಿತು, ಮರದ ತೊಗಟೆಯನ್ನೇ ಹೋಲುವ ಡಬ್ಬಿಯನ್ನು ತಯಾರಿಸುವ ಕುಶಲಿಯೊಬ್ಬನಿರುವನು. ಹೊಸ ಡಬ್ಬಿ ಪ್ರಕಟವಾದ ಸುದ್ದಿ ಬಂದೊಡನೆ ನಡುರಾತ್ರಿಯಲ್ಲಾದರೂ ಓಡಿ ಮೊದಲ ರುಜು ಹಾಕಬೇಕೆನ್ನುವವನೊಬ್ಬ. ಮಕ್ಕಳನ್ನು ಕರೆದುಕೊಂಡು ಭಾನುವಾರ ನಿಧಾನವಾಗಿ ಹೊರಡುವ ತಾಯಿಯೊಬ್ಬಳು. ಡಬ್ಬಿಯಲ್ಲಿದ್ದ ಬೊಂಬೆಯನ್ನು ಯಾರೋ ತೆಗೆದುಕೊಂಡು ಹರಿದ ರಶೀದಿಯನ್ನು ಬಿಟ್ಟುಹೋದುದಕ್ಕೆ ಆಕೆಗೆ ಕೋಪ. ಸಾವಿರಾರು ಡಬ್ಬಿಗಳನ್ನು ಕಂಡು, ಆ ಸಂಖ್ಯೆಯ ಬಲದಿಂದಲೇ ಉಳಿದವರಿಗೆ ಬುದ್ಧಿ ಹೇಳುವ ಹಿರಿಯನೂ ಇರುವನು. ಇವರೊಳಗೆ ಮನಸ್ತಾಪ ಬಂದಾಗ ಊರಿನವರು ‘ಅವನ ಸ್ವಭಾವವೇ ಹಾಗೆ’ ಎಂದುಬಿಡುವರು. ನನ್ನ ಅಭಿಪ್ರಾಯದಲ್ಲಿ ಇದು ಅವಸರದ ತೀರ್ಪು. ಸ್ವಭಾವದ ಮೇಲೆ ಹೊರಿಸುವ ಜಗಳಗಳಲ್ಲಿ ಹಲವು ಅಳತೆಯ ಜಗಳಗಳು. ಮಿಕ್ಕವುಗಳಲ್ಲಿ ಹೆಚ್ಚಿನವು ದಾಖಲೆಯ ಜಗಳಗಳು.

ಅಳತೆಯದನ್ನು ಮೊದಲು ನೋಡೋಣ. ‘ಅವನು ಕೊಟ್ಟ ಸ್ಥಾನ ತಪ್ಪು, ಅರ್ಧ ಗಂಟೆ ವ್ಯರ್ಥವಾಯಿತು’ ಎಂದು ಹುಡುಕುವವನು ದೂರುವನು. ‘ಇವರು ಬಂದು ನನ್ನ ಪೊದೆಗಳನ್ನೆಲ್ಲ ತುಳಿದುಹಾಕಿದರು’ ಎಂದು ಬಚ್ಚಿಟ್ಟವನ ಪ್ರತಿದೂರು. ಇಬ್ಬರ ಮಾತಿನ ಹಿಂದೆಯೂ ಇರುವುದು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳು. ಅಲ್ಲಿಂದ ಹೊರಟ ಸಂಕೇತವು ನಮ್ಮನ್ನು ಮುಟ್ಟಲು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಕಾಲ ಹಿಡಿಯುವುದು. ಆ ಕಾಲವನ್ನು ಅಳೆಯುವಾಗ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ತಪ್ಪಿದರೆ ದೂರದಲ್ಲಿ 30 ಸೆಂಟಿಮೀಟರು ತಪ್ಪುವುದು. ವಾಯುಮಂಡಲದ ಮೇಲ್ಪದರಗಳು ಸಂಕೇತವನ್ನು ತಡಮಾಡುವುವು; ಮರಗಳೂ ಕಟ್ಟಡಗಳೂ ಅದನ್ನು ಪ್ರತಿಫಲಿಸಿ ದಾರಿ ತಪ್ಪಿಸುವುವು. ಇಷ್ಟೆಲ್ಲ ಆದ ಮೇಲೂ ಬಯಲಿನಲ್ಲಿ ನಮ್ಮ ಕೈಯ ಫೋನು 5 ಮೀಟರಿನ ಆಸುಪಾಸಿನಲ್ಲಿ ಸ್ಥಳವನ್ನು ಹೇಳುವುದೆಂದರೆ ಅದು ಮೆಚ್ಚತಕ್ಕ ಸಾಧನೆಯೇ.

ಆದರೆ ಇಲ್ಲಿ ಅಳತೆ ಎರಡು ಬಾರಿ ನಡೆಯುವುದೆಂಬುದನ್ನು ಮರೆಯುವವರೇ ಹೆಚ್ಚು. ಬಚ್ಚಿಟ್ಟವನ ಉಪಕರಣದಲ್ಲಿ 5 ಮೀಟರಿನ ಅನಿಶ್ಚಿತತೆ. ಹುಡುಕುವವನದರಲ್ಲಿ ಇನ್ನೊಂದು 5 ಮೀಟರು. ಒಂದಕ್ಕೊಂದು ಸಂಬಂಧವಿಲ್ಲದ ಇಂತಹ ದೋಷಗಳನ್ನು ಕೂಡಿಸುವ ರೀತಿಯನ್ನು ನೀವು ಪ್ರಾಯೋಗಿಕ ತರಗತಿಯಲ್ಲಿ ಕಲಿತಿರುವಿರಿ: ವರ್ಗಗಳನ್ನು ಕೂಡಿಸಿ ವರ್ಗಮೂಲವನ್ನು ತೆಗೆಯಬೇಕು. 25ಕ್ಕೆ 25 ಸೇರಿ 50. ಅದರ ವರ್ಗಮೂಲ 7ಕ್ಕಿಂತ ತುಸು ಹೆಚ್ಚು. ಈ ತ್ರಿಜ್ಯದ ವೃತ್ತದ ವಿಸ್ತಾರ ಸುಮಾರು 157 ಚದರ ಮೀಟರು. ದಟ್ಟವಾದ ಮರಗಳ ಕೆಳಗೆ ಇಬ್ಬರ ದೋಷವೂ 10 ಮೀಟರಾಯಿತೆನ್ನಿ. ಆಗ ಹುಡುಕಬೇಕಾದ ನೆಲ 628 ಚದರ ಮೀಟರು! ಅದರೊಳಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಯನ್ನು ಅರಸುವವನು ಪೊದೆಯನ್ನು ತುಳಿದರೆ ಅದು ಒರಟುತನವೇ ಆಗಿರಬೇಕಾಗಿಲ್ಲ. ಸ್ಥಾನವನ್ನು ಕೊಟ್ಟವನು ಸುಳ್ಳುಗಾರನೂ ಅಲ್ಲ. ಬೇರೆ ಬೇರೆ ದಿನಗಳಲ್ಲಿ ಹಲವು ಬಾರಿ ಅಳೆದು ಸರಾಸರಿಯನ್ನು ಕೊಡುವುದು ಬಚ್ಚಿಟ್ಟವನ ಕರ್ತವ್ಯ. ಒಂದೇ ನಿಲುವಿನಲ್ಲಿ ನಿಮಿಷಕ್ಕೊಂದರಂತೆ ಹತ್ತು ಬಾರಿ ಅಳೆದರೆ ಅಷ್ಟು ಪ್ರಯೋಜನವಿಲ್ಲ. ಉಪಗ್ರಹಗಳ ದೋಷ ನಿಧಾನವಾಗಿ ಬದಲಾಗುವಂತಹುದಾದ್ದರಿಂದ ಆ ಹತ್ತೂ ಒಂದೇ ಕಡೆಗೆ ವಾಲಿರುವುವು. ಹುಡುಕುವವನ ಕರ್ತವ್ಯವೆಂದರೆ ವೃತ್ತವನ್ನು ಮನಸ್ಸಿನಲ್ಲಿಟ್ಟುಕೊಂಡು, ಕೈ ಹಾಕುವ ಮೊದಲು ಕಣ್ಣು ಹಾಯಿಸುವುದು. ಇಷ್ಟನ್ನು ಇಬ್ಬರೂ ಬಲ್ಲರಾದರೆ ಈ ಜಾತಿಯ ಜಗಳ ಅಲ್ಲಿಯೇ ಅಡಗಬೇಕು.

ದಾಖಲೆಯ ಜಗಳ ಇದಕ್ಕಿಂತ ಆಳವಾದುದು. ನನಗೆ ಮುಖ್ಯವಾಗಿ ಹೇಳಬೇಕೆನಿಸುವುದೂ ಅದನ್ನೇ.

‘ಕಾಣೆ’ ಎಂದು ಬರೆಯಲು ಜನರಿಗೆ ಮನಸ್ಸು ಬಾರದು. ಬರೆಯುವವನಿಗೆ ಅದು ಸೋಲಿನ ಒಪ್ಪಿಗೆಯಂತೆ ತೋರುವುದು. ಓದುವ ಒಡೆಯನಿಗೆ ತನ್ನ ಡಬ್ಬಿಯ ಮೇಲಿನ ಆಪಾದನೆಯಂತೆ ಕೇಳುವುದು. ಕೆಲವು ವರ್ಷಗಳಿಂದ ಕಂಪೆನಿಯು ಪ್ರತಿ ಡಬ್ಬಿಯ ಆರೋಗ್ಯವನ್ನು ಗಣಕದಿಂದ ಅಂದಾಜು ಮಾಡಿಸಿ, ‘ಕಾಣೆ’ಗಳು ಹೆಚ್ಚಿದರೆ ಒಡೆಯನಿಗೆ ಎಚ್ಚರಿಕೆಯ ಪತ್ರವನ್ನು ಕಳುಹಿಸುತ್ತಿರುವುದರಿಂದ ಈ ನೋವು ಇನ್ನಷ್ಟು ಹೆಚ್ಚಿದೆ. ‘ಐದು ನಿಮಿಷ ನೋಡಿ, ಸಿಕ್ಕದೆ, ಕಾಣೆಯೆಂದು ಬರೆದು ನನ್ನ ಡಬ್ಬಿಯ ಹೆಸರನ್ನು ಕೆಡಿಸಿದನು’ ಎಂದು ಒಡೆಯನು ಮುನಿಯುವನು. ಮುನಿಸನ್ನು ಕಂಡ ಇತರರು ಸುಮ್ಮನಾಗುವರು. ಸ್ನೇಹ ಕೆಡದಿರಲೆಂದು ಸತ್ಯವನ್ನು ಬರೆಯದಿರುವುದೇ ಆ ಊರಿನಲ್ಲಿ ಮರ್ಯಾದೆಯೆನಿಸಿಕೊಳ್ಳುವುದು.

ಇದರ ಫಲವನ್ನು ಲೆಕ್ಕ ಹಾಕಿ ನೋಡೋಣ. ಡಬ್ಬಿ ಸ್ವಸ್ಥಾನದಲ್ಲಿಯೇ ಇದ್ದರೂ ಐದು ಜನರಲ್ಲಿ ಒಬ್ಬನಿಗೆ ಅದು ಸಿಕ್ಕದೆಂದು ಇಟ್ಟುಕೊಳ್ಳೋಣ. ಆಗ ಒಂದು ‘ಕಾಣೆ’ಯಿಂದ ಏನೂ ಸಿದ್ಧವಾಗದು, ಅದನ್ನೋದಿ ಒಡೆಯನು ನೊಂದುಕೊಳ್ಳಬೇಕಾದುದಿಲ್ಲ. ಆದರೆ ಬೇರೆ ಬೇರೆಯಾಗಿ ಬಂದ ಮೂವರೂ ಸಾಲಾಗಿ ವಿಫಲರಾಗುವ ಸಂಭವ 125ರಲ್ಲಿ ಒಂದು ಮಾತ್ರ. ಆದುದರಿಂದ ಮೂರು ‘ಕಾಣೆ’ಗಳು ಒಟ್ಟಿಗೆ ಬಂದರೆ ಡಬ್ಬಿ ಹೋಗಿದೆಯೆಂದೇ ಬಗೆದು ಒಡೆಯನು ಹೊರಡಬೇಕು. ಮೂವರಲ್ಲಿ ಇಬ್ಬರು ಮರ್ಯಾದೆಗಾಗಿ ಸುಮ್ಮನಿದ್ದರೋ, ದಾಖಲೆಯಲ್ಲಿ ಉಳಿಯುವುದು ಒಂದೇ. ಮೂವರೂ ಸುಮ್ಮನಿದ್ದರೆ, ಕಳೆದುಹೋದ ಡಬ್ಬಿಗೂ ಯಾರೂ ಭೇಟಿ ಕೊಡದ ಡಬ್ಬಿಗೂ ಕಾಗದದ ಮೇಲೆ ವ್ಯತ್ಯಾಸವೇ ಇರದು. ಹತ್ತಾರು ಮೈಲಿ ಪ್ರಯಾಣ ಮಾಡಿ ಬರುವ ನಾಲ್ಕನೆಯವನು ಇಲ್ಲದುದನ್ನು ಹುಡುಕುತ್ತ ಇನ್ನಷ್ಟು ಪೊದೆಗಳನ್ನು ತುಳಿಯುವನು. ಯಾರನ್ನೂ ನೋಯಿಸಬಾರದೆಂಬ ಮೌನವು ಹೀಗೆ, ಯಾರೋ ಅಪರಿಚಿತನ ಮೇಲೆ ಹೊರೆಯಾಗಿ ಬೀಳುವುದು.

ಇಂತಹ ‘ಕಾಣೆ’ಗಳಿಗೆ ವಿಜ್ಞಾನದಲ್ಲಿ ಎಷ್ಟು ಬೆಲೆಯೆಂಬುದನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲೆಯವರು ಈಥರಿನ ಗಾಳಿಯನ್ನು ಅರಸಿ, ಇರಬೇಕಾಗಿದ್ದ ಪಲ್ಲಟವನ್ನು ಕಾಣದೆ, ಕಾಣಲಿಲ್ಲವೆಂದೇ ಪ್ರಕಟಿಸಿದರು. ಉಪಕರಣಕ್ಕೆ ಅವಮಾನವಾದೀತೆಂದು ಅವರು ಸುಮ್ಮನಿರಲಿಲ್ಲ.

ಮೌನಕ್ಕಿಂತ ಕೆಟ್ಟದೊಂದಿದೆ. ಹುಡುಕಿ ಸಿಕ್ಕದವನು ತನ್ನ ಜೇಬಿನಿಂದ ಹೊಸ ಡಬ್ಬಿಯನ್ನು ತೆಗೆದು ಅಲ್ಲಿಟ್ಟು, ಅದರಲ್ಲಿ ತಾನೇ ರುಜು ಹಾಕಿ, ‘ಕಂಡೆ’ ಎಂದು ಬರೆದುಬಿಡುವನು! ಒಡೆಯನಿಗೆ ಉಪಕಾರ ಮಾಡಿದೆನೆಂಬುದು ಅವನ ಸಮಾಧಾನ. ಎಷ್ಟೋ ಸಲ ಮೊದಲಿನ ಡಬ್ಬಿ ಎರಡು ಮಾರು ಆಚೆಗೆ ಸುರಕ್ಷಿತವಾಗಿಯೇ ಇರುವುದು. ಆಗ ಒಂದು ಸ್ಥಳದಲ್ಲಿ ಎರಡು ಡಬ್ಬಿಗಳಾಗಿ, ಯಾವುದನ್ನು ಕಂಡವನು ನಿಜವಾಗಿ ಕಂಡನೆಂಬ ಹೊಸ ಕಲಹ ಹುಟ್ಟುವುದು. ಒಡೆಯನ ಅಪ್ಪಣೆಯಿಲ್ಲದೆ ಹೀಗೆ ಮಾಡಕೂಡದೆಂದು ಕಂಪೆನಿಯ ಮಾರ್ಗಸೂಚಿ ಹೇಳಿದರೂ ಅಭ್ಯಾಸ ನಿಂತಿಲ್ಲ. ತಾನೇ ಇಟ್ಟುದನ್ನು ತಾನೇ ಕಂಡೆನೆನ್ನುವುದಕ್ಕೆ ‘ಹುಡುಕುವುದು’ ಎಂಬ ಹೆಸರು ಒಪ್ಪುವುದಾದರೂ ಹೇಗೆ?

ಇದರ ಮೂಲ ಸಂಖ್ಯೆಯ ಮೋಹದಲ್ಲಿದೆ. ಅಮೆರಿಕದ ನೆವಾಡಾ ರಾಜ್ಯದಲ್ಲಿ ಮರುಭೂಮಿಯ ನಡುವೆ ಸಾಗುವ 375ನೆಯ ಹೆದ್ದಾರಿಯುದ್ದಕ್ಕೂ, ನಿಯಮದ ಕನಿಷ್ಠ ಅಂತರವಾದ 161 ಮೀಟರಿಗೊಂದರಂತೆ, 2010ರಲ್ಲಿ ಸುಮಾರು ಒಂದು ಸಾವಿರ ಡಬ್ಬಿಗಳನ್ನು ಇಡಲಾಯಿತು. ಎಲ್ಲವೂ ಒಂದೇ ಬಗೆಯವು. ಮರುವರ್ಷ, ರಸ್ತೆಯ ಸುರಕ್ಷತೆಯ ಕಾರಣದಿಂದ, ಹೆದ್ದಾರಿಯ ಇಲಾಖೆಯವರು ಅವುಗಳನ್ನು ತೆಗೆಸಿದರು. ಮುಂದೆ ಅವು ಮತ್ತೆ ಬಂದವು. ಇಂತಹ ಸಾಲುಗಳಲ್ಲಿ ಆಟಗಾರರು ಒಂದು ಉಪಾಯವನ್ನು ಕಂಡುಕೊಂಡರು. ಮೊದಲನೆಯ ಡಬ್ಬಿಯನ್ನು ಎತ್ತಿಕೊಂಡು ಕಾರು ಹತ್ತುವುದು. ದಾರಿಯಲ್ಲಿಯೇ ಅದಕ್ಕೆ ಮುದ್ರೆ ಒತ್ತಿ, ಎರಡನೆಯದರ ಜಾಗದಲ್ಲಿ ಬಿಟ್ಟು, ಎರಡನೆಯದನ್ನು ಎತ್ತಿಕೊಂಡು ಮೂರನೆಯದಕ್ಕೆ ಹೋಗುವುದು. ಸಂಜೆಗೆ ನೂರಾರು ‘ಕಂಡೆ’ಗಳು. ಡಬ್ಬಿಗಳೆಲ್ಲ ಒಂದೊಂದು ಸ್ಥಾನ ಮುಂದೆ ಸರಿದಿರುವುವು. ಯಾವ ಪುಸ್ತಕದಲ್ಲಿ ಯಾರ ರುಜು ಇದೆಯೆಂಬುದಕ್ಕೆ ಅರ್ಥವೇ ಉಳಿದಿರದು. ಹೀಗೆ ಗಳಿಸಿದ ಸಾವಿರವನ್ನು ಮುಂದಿಟ್ಟುಕೊಂಡು ಊರಿಗೆ ಬಂದವನು, ವರ್ಷಕ್ಕೆ ಇಪ್ಪತ್ತು ಡಬ್ಬಿಗಳನ್ನು ನಡೆದುಹೋಗಿ ಕಂಡವನಿಗೆ ಬುದ್ಧಿ ಹೇಳಿದರೆ ಅಲ್ಲಿ ಸೌಹಾರ್ದ ಉಳಿಯುವುದು ಹೇಗೆ? ಅವರಿಬ್ಬರ ಸಂಖ್ಯೆಗಳು ಒಂದೇ ಮಾನದವಲ್ಲ; ಸೇರನ್ನೂ ಮಾರನ್ನೂ ಹೋಲಿಸಿದಂತೆ.

ಮೊದಲು ಕಂಡವನು ಯಾರೆಂಬ ವಾದದ ಬಗ್ಗೆ ನನಗೆ ಅಷ್ಟು ಬೇಸರವಿಲ್ಲ. ಅದಕ್ಕೆ ದೊಡ್ಡವರ ಮೇಲ್ಪಂಕ್ತಿಯೇ ಇದೆ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ಎಂಬ ಖಗೋಳಜ್ಞನು, ಫ್ರಾನ್ಸಿನ ಲೆವೆರ್ಯೆ ಗಣಿಸಿ ಕೊಟ್ಟ ಸ್ಥಾನದತ್ತ ದೂರದರ್ಶಕವನ್ನು ತಿರುಗಿಸಿ, ಅದರಿಂದ ಒಂದು ಅಂಶದೊಳಗೆ ನೆಪ್ಚೂನನ್ನು ಕಂಡನು. ನಕ್ಷತ್ರಪಟಕ್ಕೆ ಹೋಲಿಸಿ ನೋಡೋಣವೆಂದು ಸೂಚಿಸಿದವನು ಜೊತೆಯಲ್ಲಿದ್ದ ದಾರೆ ಎಂಬ ತರುಣ ವಿದ್ಯಾರ್ಥಿ. ಕೂಡಲೇ ಇಂಗ್ಲೆಂಡಿನವರು ತಮ್ಮ ಆಡಮ್ಸನೂ ಅದೇ ಗಣಿತವನ್ನು ಮಾಡಿದ್ದನೆಂದು ಮುಂದೆ ಬರಲು ಎರಡು ದೇಶಗಳ ನಡುವೆ ದೊಡ್ಡ ವಾಗ್ವಾದವೇ ನಡೆಯಿತು. ಇಷ್ಟರಲ್ಲಿ ಕೇಂಬ್ರಿಜ್ಜಿನ ಚಾಲಿಸನು ಅದೇ ಆಗಸ್ಟಿನಲ್ಲಿ ಆ ಗ್ರಹವನ್ನು ಎರಡು ಬಾರಿ ಗುರುತು ಹಾಕಿಕೊಂಡೂ ಅದೇನೆಂದು ತಿಳಿಯದೆ ಹೋಗಿದ್ದುದು ಹೊರಬಿದ್ದಿತು. ಅದು ಹೊರಬಿದ್ದುದಾದರೂ ಹೇಗೆ? ಅವನ ದಾಖಲೆ ಪ್ರಾಮಾಣಿಕವಾಗಿದ್ದುದರಿಂದ. ಬರೆದ ದಿನ, ಬರೆದ ಸ್ಥಾನ ಸರಿಯಾಗಿದ್ದರೆ ಮೊದಲಿಗನ ಪ್ರಶ್ನೆ ತಾನಾಗಿ ತೀರುವುದು. ನಡುರಾತ್ರಿ ಓಡುವವನ ಉತ್ಸಾಹದಿಂದ ಯಾರಿಗೂ ಹಾನಿಯಿಲ್ಲ, ನೆರೆಮನೆಯ ನಾಯಿಗಳ ನಿದ್ರೆಯೊಂದನ್ನು ಬಿಟ್ಟರೆ.

ಹಾನಿಯಾಗುವುದು ಆಟವನ್ನೇ ಅರಿಯದ ಜನರಿಗೆ. ಅವರನ್ನು ಆಟಗಾರರು ಹ್ಯಾರಿ ಪಾಟರ್ ಕಥೆಗಳಿಂದ ಎರವು ತಂದ ‘ಮಗಲ್’ ಎಂಬ ಹೆಸರಿನಿಂದ, ತುಸು ತಾತ್ಸಾರದಿಂದಲೇ, ಕರೆಯುವರು. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಅಂಗಡಿಯೊಂದರ ಮುಂದೆ ಯಾರೋ ಚಿಕ್ಕ ಡಬ್ಬಿಯನ್ನು ಅಡಗಿಸುತ್ತಿದ್ದುದನ್ನು ಕಂಡವರು ಗಾಬರಿಗೊಂಡು ಪೊಲೀಸರಿಗೆ ತಿಳಿಸಲು, ಸೇನೆಯ ಬಾಂಬು ತಜ್ಞರು ಬಂದು ಅದನ್ನು ಸ್ಫೋಟಿಸಿಬಿಟ್ಟರು. ಒಳಗಿದ್ದುದು ರುಜುಗಳ ಕಾಗದ! ಇಂತಹ ಸಂದರ್ಭದಲ್ಲಿ ಬಳಗವು ತನ್ನೊಳಗೆ ಚರ್ಚಿಸಿ ಬಗೆಹರಿಸುವುದೇನೂ ಇಲ್ಲ. ಡಬ್ಬಿಯ ಹೊರಗೆ ಅದೇನೆಂದು ಬರೆದಿರಬೇಕು, ಜನನಿಬಿಡ ಸ್ಥಳವನ್ನು ಬಿಡಬೇಕು, ಜಾಗದವರನ್ನು ಮೊದಲೇ ಕೇಳಿರಬೇಕು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡಬ್ಬಿಗಳಿಗೆ ಅಭ್ಯಂತರ ಬಂದಾಗ ಆಟಗಾರರು ಕಂಡುಕೊಂಡ ದಾರಿ ಇದಕ್ಕಿಂತ ಚೆನ್ನಾಗಿದೆ: ಡಬ್ಬಿಯನ್ನೇ ಇಡದೆ, ಆ ಸ್ಥಳದ ಬಂಡೆಯನ್ನೋ ಕಣಿವೆಯನ್ನೋ ನೋಡಿ ಭೂವಿಜ್ಞಾನದ ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸುವ ‘ಅರ್ತ್‌ಕ್ಯಾಶ್’ ಎಂಬ ಬಗೆ 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘದ ಆಶ್ರಯದಲ್ಲಿ ಆರಂಭವಾಯಿತು. ಅದರಲ್ಲಿ ಕದಿಯಲು ಏನೂ ಇಲ್ಲ; ಬದಲಿ ಬಂಡೆಯನ್ನು ಜೇಬಿನಿಂದ ತೆಗೆದಿಡುವುದೂ ಸಾಧ್ಯವಿಲ್ಲ.

‘ಇಷ್ಟೆಲ್ಲ ಏಕೆ, ಅದೊಂದು ಆಟ ತಾನೆ? ಅವರವರ ಇಷ್ಟದಂತೆ ಆಡಲಿ’ ಎಂಬ ಆಕ್ಷೇಪವನ್ನು ನಾನು ನಿರೀಕ್ಷಿಸುತ್ತೇನೆ. ಒಂಟಿಯಾಗಿ ಆಡುವ ಆಟವಾಗಿದ್ದರೆ ಒಪ್ಪುತ್ತಿದ್ದೆ. ಆದರೆ ಇಲ್ಲಿ ಪ್ರತಿಯೊಬ್ಬನೂ ಹೊರಡುವುದು ಹಿಂದಿನವನ ಬರಹವನ್ನು ನಂಬಿ. ಅದೂ ಅಲ್ಲದೆ, ಆಟದಲ್ಲಿ ಬಂದ ಅಭ್ಯಾಸ ಆಟದಲ್ಲಿಯೇ ನಿಲ್ಲುವುದೆಂದು ಹೇಳುವವರು ನಮ್ಮ ಕಾಲೇಜುಗಳ ಭೌತವಿಜ್ಞಾನದ ಪ್ರಯೋಗಶಾಲೆಗೆ ಬಂದು ಒಮ್ಮೆ ನೋಡಬೇಕು. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ಪ್ರಯೋಗದಲ್ಲಿ ಹಲವರ ಪುಸ್ತಕದಲ್ಲಿ 981 ಎಂಬ ಉತ್ತರವೇ ಬಂದಿರುವುದು. ಅದು ಪಠ್ಯಪುಸ್ತಕದ ಬೆಲೆ. ಯೂರೋಪಿನ ಅಕ್ಷಾಂಶಗಳಿಗೆ ಹೊಂದುವ ಬೆಲೆ. ಬೆಂಗಳೂರಿನ ಅಕ್ಷಾಂಶದಲ್ಲಿ, ಇಲ್ಲಿಯ ಎತ್ತರದಲ್ಲಿ, ನಿಜವಾದ ಬೆಲೆ ಸುಮಾರು 978. ದಾರವೂ ಗುಂಡೂ ನಿಲ್ಲುಗಡಿಯಾರವೂ ತಮ್ಮ ಪಾಡಿಗೆ 965 ಎಂದೋ 990 ಎಂದೋ ಹೇಳಿದ್ದಿರಬೇಕು. ಅದನ್ನು ಬರೆಯಲು ವಿದ್ಯಾರ್ಥಿಗೆ ಅಂಜಿಕೆ. ಬರೆದರೆ ಅಂಕವನ್ನು ಕಳೆಯುವ ಪರೀಕ್ಷಕರೂ ಇದ್ದಾರೆಂಬುದನ್ನು ಮರೆಮಾಚಬೇಕಾಗಿಲ್ಲ. ಡಬ್ಬಿಯನ್ನು ಜೇಬಿನಿಂದ ತೆಗೆದಿಟ್ಟು ‘ಕಂಡೆ’ ಎಂದವನಿಗೂ, ಉತ್ತರವನ್ನು ಪುಸ್ತಕದಿಂದ ತೆಗೆದಿಟ್ಟು ‘ಅಳೆದೆ’ ಎಂದವನಿಗೂ ನಾನು ಹೆಚ್ಚಿನ ಭೇದವನ್ನು ಕಾಣೆ. ಮುನಿಯುವ ಒಡೆಯನೂ ಅಂಕ ಕಳೆಯುವ ಪರೀಕ್ಷಕನೂ ಅವರನ್ನು ಆ ದಾರಿಗೆ ನೂಕಿದವರೆಂಬುದೂ ಅಷ್ಟೇ ನಿಜ.

ನಿಮ್ಮಲ್ಲಿ ಯಾರಾದರೂ ಈ ಆಟಕ್ಕೆ ಹೊರಡುವುದಾದರೆ ‘ಕಾಣೆ’ಯನ್ನು ಬರೆಯುವ ಕ್ರಮವನ್ನು ಹೇಳಿಬಿಡುತ್ತೇನೆ. ಬರೀ ‘ಸಿಕ್ಕಲಿಲ್ಲ’ ಎಂದರೆ ಅದರಿಂದ ಒಡೆಯನಿಗೆ ತಿಳಿಯುವುದು ಅತ್ಯಲ್ಪ, ನೋವು ಮಾತ್ರ ಹೆಚ್ಚು. ಭಾನುವಾರ ಬೆಳಗ್ಗೆ ಎಂಟು ಗಂಟೆಯಿಂದ ನಲವತ್ತು ನಿಮಿಷ ಇಬ್ಬರು ಹುಡುಕಿದೆವು, ಮರಗಳ ನೆರಳು ದಟ್ಟವಾಗಿತ್ತು, ಉಪಕರಣವು ತನ್ನ ದೋಷವನ್ನು 9 ಮೀಟರು ಎಂದು ತೋರಿಸುತ್ತಿತ್ತು, ಬೇಲಿಯ ಕಲ್ಲುಗಳ ಹಿಂದೆಯೂ ಹೊಂಗೆಮರದ ಬುಡದಲ್ಲಿಯೂ ನೋಡಿದೆವು, ಪೊದೆಯೊಳಕ್ಕೆ ಇಳಿಯಲಿಲ್ಲ, ಕಾಣೆವು. ಇಷ್ಟನ್ನು ಓದಿದ ಒಡೆಯನು ಪೊದೆಯಲ್ಲಿಟ್ಟಿದ್ದರೆ ನಕ್ಕು ಸುಮ್ಮನಾಗುವನು. ಹೊಂಗೆಯ ಬುಡದಲ್ಲಿಟ್ಟಿದ್ದರೆ ಮುಂದಿನ ಭಾನುವಾರ ಹೊಸ ಡಬ್ಬಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಹೊರಡುವನು.